ಕಾರ್ಖಾನೆಯಲ್ಲಿ ಹಸಿರು ಎಚ್‌ಆರ್: ಗಾಳಿ ಲೀಕ್‌ನಿಂದಲೇ ಶುರು ಮಾಡಿ

ಜೂನ್ 5ರ ಪರಿಸರ ದಿನಕ್ಕೆ ಗೇಟಿನ ಪಕ್ಕ ಸಸಿ ನೆಟ್ಟು ಫೋಟೊ ತೆಗೆಸಿಕೊಂಡರೆ ಸಾಲದು. ತರಬೇತಿ, ಅಪ್ರೈಸಲ್, ಇನ್ಸೆಂಟಿವ್ ಎಂದು ಎಚ್‌ಆರ್ (ಸಿಬ್ಬಂದಿ ವಿಭಾಗ) ದಿನವೂ ಮಾಡುವ ಕೆಲಸದೊಳಗೇ ಪರಿಸರ ಸೇರಬೇಕು. ಹಸಿರು ಎಚ್‌ಆರ್ ಎಂದರೆ ಇದೇ. ಪೀಣ್ಯದಲ್ಲಿರುವಂಥ ಸಣ್ಣ ಮಷಿನ್ ಶಾಪ್ ಒಂದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಮೊದಲು ಒಂದೇ ಒಂದು ಪೋಲನ್ನು ಆರಿಸಿಕೊಳ್ಳಿ. ನಾನಾದರೆ ಕಂಪ್ರೆಸರ್ ಗಾಳಿ, ಅಂದರೆ ಟೂಲ್ ಓಡಿಸಲು ಪೈಪಿನಲ್ಲಿ ಒತ್ತಿ ಕಳಿಸುವ ಗಾಳಿ ಅನ್ನುತ್ತೇನೆ. ಸರಿಯಾಗಿ ನೋಡಿಕೊಳ್ಳದ ಕಡೆ ಶೇ 20ರಿಂದ 30ರಷ್ಟು ಗಾಳಿ ಲೀಕಾಗಿಯೇ ಹೋಗಬಹುದು. ಅಷ್ಟೂ ಕರೆಂಟ್ ಬಿಲ್ಲಿನ ದುಡ್ಡು.

ಆಮೇಲೆ ಕಲಿಸಿ. ಸ್ಲೈಡ್ ತೋರಿಸುತ್ತಾ ಕೂರಬೇಡಿ. ಶಿಫ್ಟ್ ಬದಲಾಗುವಾಗ ಮಷಿನ್ ನಿಂತಿರುತ್ತವಲ್ಲ, ಆಗ ಎಲ್ಲರನ್ನೂ ಪೈಪಿನ ಹತ್ತಿರ ಕರೆದೊಯ್ಯಿರಿ. ಗದ್ದಲ ಇಲ್ಲದಾಗ 'ಸ್ಸ್' ಎಂಬ ಸದ್ದು ಚೆನ್ನಾಗಿ ಕೇಳುತ್ತದೆ. ಜಾಯಿಂಟಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಅಲ್ಲೇ ತಾರೀಖು ಬರೆದು ಟ್ಯಾಗ್ ಕಟ್ಟಲಿ. ಯಾವ ಕಪ್ಲಿಂಗ್ ಸಡಿಲ ಎಂಬುದು ಆಪರೇಟರ್‌ಗೆ ಎಷ್ಟೋ ಸಲ ಮೊದಲೇ ಗೊತ್ತಿರುತ್ತದೆ. ಕೇಳುವವರು ಇರುವುದಿಲ್ಲ, ಅಷ್ಟೇ.

ಮೂರನೆಯದು, ಕಲಿತದ್ದನ್ನು ಮಾಡಿ ತೋರಿಸಲು ಅವಕಾಶ. ಯೋಜನೆಗಳು ಸೊರಗುವುದು ಇಲ್ಲೇ. ಒಂದು ವಾಷರ್‌ಗೆ ಮೂರು ಸಹಿ ಬೇಕೆಂದರೆ ಲೀಕ್ ತೋರಿಸಲು ಯಾರು ಮುಂದೆ ಬರುತ್ತಾರೆ? ವಾಷರ್, ಹೋಸ್ ಕ್ಲಿಪ್, ಟೆಫ್ಲಾನ್ ಟೇಪ್ ಸ್ಟೋರ್‌ನಿಂದ ಸೀದಾ ಸಿಗಲಿ. ರಿಪೇರಿಯನ್ನು ಮಾತ್ರ ಲೈನಿನ ಪ್ರೆಶರ್ ಇಳಿಸಿದ ಮೇಲೆ ಮೇಂಟೆನೆನ್ಸ್‌ನವರೇ ಮಾಡಬೇಕು.

ಟ್ಯಾಗ್ ಬಿದ್ದ ಲೀಕ್ ಎಷ್ಟು ದಿನದಲ್ಲಿ ಸರಿಹೋಯಿತು ಎಂಬುದನ್ನು ಸೂಪರ್‌ವೈಸರ್ ಅಪ್ರೈಸಲ್‌ಗೆ ಸೇರಿಸಿ. ಆಪರೇಟರ್ ಸಂಬಳಕ್ಕೆ ಕತ್ತರಿ ಖಂಡಿತ ಬೇಡ. ದಂಡ ಬೀಳುತ್ತದೆ ಅಂದರೆ ಲೀಕ್ ಮುಚ್ಚಿಡುತ್ತಾರೆ, ಅಲ್ವಾ? ಅದರ ಬದಲು ಉಳಿದ ದುಡ್ಡಿನಲ್ಲಿ ಒಂದು ಪಾಲನ್ನು ಇಡೀ ಶಿಫ್ಟಿಗೆ ಹಂಚಿ.

ಫಲ ಅಳೆಯುವಾಗ ಬಿಲ್ಲಿನ ಮೊತ್ತ ಒಂದನ್ನೇ ನೋಡಬೇಡಿ. ಆರ್ಡರ್ ಜಾಸ್ತಿಯಾದರೆ ಬಿಲ್ಲೂ ಏರುತ್ತದೆ. ಒಂದು ಪೀಸಿಗೆ ಎಷ್ಟು ಯೂನಿಟ್ ಎಂದು ಲೆಕ್ಕ ಹಾಕಿ. ಜೊತೆಗೆ ಮಷಿನ್ ನಿಂತ ಹೊತ್ತು, ರಿಜೆಕ್ಟ್ ಆದ ಪೀಸ್ ಬರೆದಿಡಿ. ಪ್ರೆಶರ್ ಬೀಳದಿದ್ದರೆ ಗಾಳಿಯಲ್ಲಿ ಓಡುವ ಟೂಲ್‌ಗಳು ಸರಿಯಾಗಿ ಕೆಲಸ ಮಾಡುತ್ತವೆ, ಕೆಲಸಗಾರರ ಪರ್ಫಾರ್ಮೆನ್ಸ್ ಕೂಡ ಸುಧಾರಿಸಬಹುದು.

ಈ ದಾಖಲೆ ಹೊರಗಡೆಯೂ ಬೇಕಾಗಬಹುದು. ದೊಡ್ಡ 1,000 ಲಿಸ್ಟೆಡ್ ಕಂಪನಿಗಳು ಪರಿಸರದ ಲೆಕ್ಕವೂ ಇರುವ ಬಿಆರ್‌ಎಸ್‌ಆರ್ (ವ್ಯವಹಾರದ ಹೊಣೆಗಾರಿಕೆ ಮತ್ತು ಸುಸ್ಥಿರತೆ) ವರದಿ ಕೊಡುವುದನ್ನು ಷೇರುಪೇಟೆ ನಿಯಂತ್ರಕ ಸೆಬಿ 2022–23ರಿಂದ ಕಡ್ಡಾಯ ಮಾಡಿದೆ. ಅಂಥವರಿಗೆ ಮಾಲು ಕೊಡುವವರಾದರೆ ನಾಳೆ ನಿಮ್ಮನ್ನೂ ಕೇಳಬಹುದು.

ಹೊಸಬರು ಸೇರಿದ ದಿನವೇ ಸೋಪಿನ ನೀರಿನ ಪಾಠ ಆಗಿಬಿಡಲಿ. ಅದನ್ನು ಹಳೆಯ ಆಪರೇಟರ್ ಕೈಯಲ್ಲೇ ಮಾಡಿಸಿ.