ಅಜ್ಜನ ಬೀಟೆ ಕುರ್ಚಿಗೆ ಪಾಲಿಶ್: ಹುಡಿಯ ಬಗ್ಗೆ ಎಚ್ಚರ ಇರಲಿ

ಶಿರಸಿ, ಸಿದ್ದಾಪುರದ ಕಡೆ ಎಷ್ಟೋ ಹಳೇ ಮನೆಗಳಲ್ಲಿ ಬೀಟೆ ಕುರ್ಚಿಯೋ ಪೆಟ್ಟಿಗೆಯೋ ಇರುತ್ತದೆ. ಈಗ ಸ್ವಂತ ಜಾಗದ ಬೀಟೆಯನ್ನೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಡಿಯುವಂತಿಲ್ಲ. ಹಾಗಾಗಿ ಇದ್ದದ್ದನ್ನು ಜೋಪಾನ ಮಾಡಬೇಕು.

ಬೀಟೆಗೆ ಗೆದ್ದಲು ಹತ್ತುವುದು ಕಡಿಮೆ. ಅದರ ಕಪ್ಪು ಕೆಚ್ಚಿನೊಳಗಿನ ಅಂಶಗಳೇ ಕಾರಣ. ನಮ್ಮ ಮೈಗೆ ಆಗದಿರುವುದೂ ಅವೇ. ಕುರ್ಚಿ ಮೇಲೆ ಕೂತರೆ ಭಯವಿಲ್ಲ, ತೊಂದರೆ ಮರಳು ಕಾಗದದಿಂದ ಉಜ್ಜುವಾಗ ಏಳುವ ಹುಡಿಯದು. ಕಳೆದ ವರ್ಷ ನಾನು ಅಜ್ಜನ ಕುರ್ಚಿಯನ್ನು ಬರಿಗೈಯಲ್ಲಿ ಉಜ್ಜಿದೆ. ಎರಡನೇ ದಿನ ಮಣಿಕಟ್ಟು, ಕುತ್ತಿಗೆ ಕೆಂಪಾಗಿ ತುರಿಕೆ ಶುರು. ಬೆವರು ನಿಂತ ಕಡೆ ಇನ್ನೂ ಜಾಸ್ತಿ. ಒಮ್ಮೆ ಅಲರ್ಜಿ ಹತ್ತಿದರೆ ಮುಂದಿನ ಸಲ ಚೂರು ಹುಡಿಯೂ ಸಾಕು. ಕೆಲವರಿಗೆ ಉಬ್ಬಸವೂ ಬರುತ್ತದೆ. ಮರದ ಹುಡಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ವರ್ಷಗಟ್ಟಲೆ ಹುಡಿ ಕುಡಿಯುವ ನಮ್ಮ ಆಚಾರಿಗಳಿಗೇ ಅಪಾಯ ಹೆಚ್ಚು. ಅವರಿಗೂ ಮಾಸ್ಕ್ ಕೊಡಿ.

ಮಳೆಗಾಲದಲ್ಲಿ ಈ ಕೆಲಸ ಬೇಡ. ತೇವಕ್ಕೆ ಅರಗಿನ ಪಾಲಿಶ್ ಬೆಳ್ಳಗಾಗುತ್ತದೆ. ಕಾರವಾರ, ಕುಮಟಾದವರು ಚಳಿಗಾಲದ ಒಣ ಮಧ್ಯಾಹ್ನ ನೋಡಿಕೊಳ್ಳಿ.

ಕುರ್ಚಿಯನ್ನು ಅಂಗಳಕ್ಕೆ ತನ್ನಿ. ಎನ್‌95 ಮಾಸ್ಕ್, ಕನ್ನಡಕ, ಕೈಗವಸು, ತುಂಬುತೋಳಿನ ಅಂಗಿ ಹಾಕಿಕೊಳ್ಳಿ. ಬೆನ್ನ ಹಿಂದಿನಿಂದ ಗಾಳಿ ಬರುವಂತೆ ಕೂತರೆ ಹುಡಿ ಆಚೆ ಹೋಗುತ್ತದೆ.

ಮೊದಲು ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಹಳೇ ಪಾಲಿಶ್ ಒರೆಸಿ. ಹತ್ತಿರ ಒಲೆ, ಬೀಡಿ ಯಾವುದೂ ಇರಬಾರದು. ಬಟ್ಟೆ ನೇರಳೆ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ, ಅದು ಮರದ್ದೇ ಬಣ್ಣ. ಸುಮ್ನೆ ಬೇರೆ ಬಟ್ಟೆ ತಗೊಳ್ಳಿ. ಇಲ್ಲದಿದ್ದರೆ ಹೊರಗಿನ ಬಿಳಿ ಭಾಗಕ್ಕೆ ಕಲೆ ಹತ್ತುತ್ತದೆ.

ಮತ್ತೂ ಉಳಿದದ್ದನ್ನು ಸ್ಕ್ರೇಪರ್ ತಗಡಿನಿಂದ ಹೆರೆಯಿರಿ. ಆಗ ಹುಡಿಯ ಬದಲು ತೆಳು ಸುರುಳಿ ಬರುತ್ತದೆ. ಉಜ್ಜುವ ಮಷಿನ್‌ಗಿಂತ ಇದೇ ಒಳ್ಳೆಯದು ಎನ್ನುತ್ತೇನೆ. ಆಮೇಲೆ 220, 320 ನಂಬರಿನ ಮರಳು ಕಾಗದದಿಂದ ಮರದ ಎಳೆಯ ದಿಕ್ಕಿಗೇ ಹಗುರಾಗಿ ಉಜ್ಜಿ. ಬಿದ್ದ ಹುಡಿಯನ್ನು ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಅಂಗಿಯನ್ನು ಬೇರೆಯಾಗಿ ಒಗೆದು, ಸ್ನಾನ ಮಾಡಿಯೇ ಒಳಗೆ ಹೋಗಿ.

ಪಾಲಿಶ್ ತೆಳುವಾಗಿ ಮೂರ್ನಾಲ್ಕು ಸಲ ಹಚ್ಚಿ, ಪ್ರತಿ ಸಲ ಒಣಗಲು ಬಿಡಿ. ಅರಗಿನ ಬದಲು ಅಗಸೆ ಎಣ್ಣೆ ಬಳಸಿದರೆ ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ, ಹೊರಗಿನ ತಂತಿಗೆ ಹರವಿ.