ಟ್ರೇ ಮುಂದೆ ತಡಬಡಾಯಿಸದಿರಲು

ಮುಂಬಯಿಯಿಂದ ಮಂಗಳೂರಿಗೆ ವಿಮಾನದಲ್ಲಿ ಹೊರಡುವ ನಮ್ಮವರನ್ನು ಎಷ್ಟೋ ಸಲ ನೋಡಿದ್ದೇನೆ. ಭದ್ರತಾ ತಪಾಸಣೆಯ ಸಾಲಿನಲ್ಲಿ ಸುಮ್ಮನೆ ನಿಂತಿರುತ್ತಾರೆ. ಟ್ರೇ ಕೈಗೆ ಬಂದ ಮೇಲೆ ಜೇಬು ತಡಕುತ್ತಾರೆ. ಈ ಕೆಲಸ ಮನೆಯಲ್ಲೇ ಶುರುವಾಗಬೇಕು.

ಮೊದಲು ಚೆಕ್-ಇನ್ ಬ್ಯಾಗು, ಅಂದರೆ ಕೌಂಟರಿನಲ್ಲಿ ವಿಮಾನ ಕಂಪನಿಗೆ ಒಪ್ಪಿಸುವ ಬ್ಯಾಗು. ಅದರೊಳಗೆ ಒಣಕೊಬ್ಬರಿ ಬೇಡ. ನಮ್ಮ ಚಿಕ್ಕಮ್ಮ ಮದುವೆಯಲ್ಲಿ ಉಡಿ ತುಂಬಿದ ಕೊಬ್ಬರಿ ಬಟ್ಟಲನ್ನು ಸೀರೆಯ ಮಡಿಕೆಯಲ್ಲಿ ಸುತ್ತಿ ಇಟ್ಟಿದ್ದರು. ಬ್ಯಾಗು ತೆರೆಸಿ ತೆಗೆಸಿದರು. ಪಾಪ, ಕಣ್ಣೀರು ಹಾಕಿಕೊಂಡರು. ಎಣ್ಣೆಯ ಅಂಶ ಹೆಚ್ಚಿರುವುದರಿಂದ ಕೊಬ್ಬರಿಗೆ ಬೇಗ ಬೆಂಕಿ ಹತ್ತಿಕೊಳ್ಳುತ್ತದೆ. ಅದನ್ನು ಮಾಟುಂಗಾದ ನೆಂಟರ ಮನೆಯಲ್ಲೇ ಕೊಟ್ಟು ಬನ್ನಿ.

ಪವರ್ ಬ್ಯಾಂಕ್ ಕೈಬ್ಯಾಗಿನಲ್ಲೇ ಇರಬೇಕು. 100 ವಾಟ್-ಅವರ್‌ವರೆಗೆ ತೊಂದರೆಯಿಲ್ಲ. ಸಾಮಾನ್ಯವಾಗಿ ಸಿಗುವ 20,000 ಎಂಎಎಚ್‌ನದು ಸುಮಾರು 74 ವಾಟ್-ಅವರ್ ಆಗುತ್ತದೆ. ಫುಟ್‌ಪಾತಿನಲ್ಲಿ ಸಿಗುವ, ಸಾಮರ್ಥ್ಯವನ್ನೇ ಮುದ್ರಿಸದ ಅಗ್ಗದ ಮಾಲನ್ನು ಮಾತ್ರ ಕೊಳ್ಳಲೇಬೇಡಿ.

ಚಾಕು, ಕತ್ತರಿ, ಲೈಟರ್, ಬೆಂಕಿಪೊಟ್ಟಣ ಕೈಬ್ಯಾಗಿನಲ್ಲಿ ಬೇಡ. ವಿದೇಶಕ್ಕೆ ಹೋಗುವವರ ದ್ರವದ ಬಾಟಲಿ 100 ಮಿ.ಲೀ. ಮೀರಬಾರದು. 200 ಮಿ.ಲೀ. ಬಾಟಲಿಯ ತಳದಲ್ಲಿ ಎರಡು ಚಮಚ ಎಣ್ಣೆ ಉಳಿದಿದ್ದರೂ ಬಿಡುವುದಿಲ್ಲ, ಲೆಕ್ಕಕ್ಕೆ ಬರುವುದು ಬಾಟಲಿಯ ಅಳತೆ.

ಬಾಗಿಲಲ್ಲಿ ಟಿಕೆಟ್ ಮತ್ತು ಗುರುತಿನ ಚೀಟಿ ತೋರಿಸಿ. ಮುಖ ಗುರುತಿಸಿ ಒಳಬಿಡುವ ಡಿಜಿ ಯಾತ್ರಾ ಆ್ಯಪ್ ಇದ್ದವರಿಗೂ ತಪಾಸಣೆ ತಪ್ಪುವುದಿಲ್ಲ.

ಇನ್ನು ಎಲ್ಲರೂ ಎಡವುವ ಜಾಗ. ಸಾಲಿನಲ್ಲಿರುವಾಗಲೇ ಕೀಲಿಕೈ, ಚಿಲ್ಲರೆ, ವಾಚು, ಪರ್ಸು ಎಲ್ಲವನ್ನೂ ಕೈಬ್ಯಾಗಿನ ಜಿಪ್ ಖಾನೆಗೆ ಸೇರಿಸಿ. ಲ್ಯಾಪ್‌ಟಾಪನ್ನು ಬಟ್ಟೆಗಳ ಕೆಳಗೆ ಹೂಳದೆ ಮೇಲ್ಗಡೆ ಇಟ್ಟಿದ್ದರೆ ಒಂದೇ ಕೈಯಲ್ಲಿ ಎಳೆಯಬಹುದು. ಲ್ಯಾಪ್‌ಟಾಪ್, ಪವರ್ ಬ್ಯಾಂಕ್, ಚಾರ್ಜರ್‌ಗಳನ್ನು ಹೊರಗೆ ತೆಗೆಯಲು ಹೇಳಿದರೆ ಬೇರೆ ಟ್ರೇಯಲ್ಲಿ, ಒಂದರ ಮೇಲೊಂದು ಬೀಳದಂತೆ ಇಡಿ. ವೈರುಗಳ ಗೋಜಲು ಕಂಡರೆ ಬ್ಯಾಗು ಪಕ್ಕಕ್ಕೆ ಸರಿಯಿತೆಂದೇ ತಿಳಿಯಿರಿ. ಬೋರ್ಡಿಂಗ್ ಪಾಸು ಕಾಗದದ್ದೇ ಒಳ್ಳೆಯದು, ಮೊಬೈಲು ಟ್ರೇಯಲ್ಲಿ ಹೋದ ಮೇಲೂ ಅದು ಕೈಯಲ್ಲಿರುತ್ತದೆ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಲೋಹಶೋಧಕದ ಚೌಕಟ್ಟಿನೊಳಗೆ ಕಾಲಿಡುವ ಮೊದಲೇ ತಪಾಸಣೆ ಮಾಡುವ ಸಿಐಎಸ್‌ಎಫ್ (ಕೇಂದ್ರ ಕೈಗಾರಿಕಾ ಭದ್ರತಾ ಪಡೆ) ಸಿಬ್ಬಂದಿಗೆ ತಿಳಿಸಬೇಕು. ಹೆಂಗಸರನ್ನು ಪರದೆಯೊಳಗೆ ಮಹಿಳಾ ಸಿಬ್ಬಂದಿಯೇ ತಪಾಸಣೆ ಮಾಡುತ್ತಾರೆ.

ನಿಲ್ದಾಣದೊಳಗಿನ ಹೋಟೆಲುಗಳಲ್ಲಿ ಕೆಲಸಕ್ಕೆ ಸೇರುವ ನಮ್ಮೂರ ಹುಡುಗರಿಗೂ ಒಂದು ಮಾತು: ಪ್ರವೇಶಪತ್ರ ಕಾಣುವಂತೆ ಧರಿಸಿ. ಚಹಾಕ್ಕೆಂದು ಹೊರಗೆ ಹೋಗಿ ಬಂದರೂ ಮತ್ತೆ ತಪಾಸಣೆ ಆಗುತ್ತದೆ, ಆ ಸಮಯವನ್ನು ಹಿಡಿದೇ ಹೊರಡಿ. ಪರಿಚಯದವರು ಕೊಟ್ಟ ಪೊಟ್ಟಣವನ್ನು ಒಳಗೆ ಒಯ್ಯಲು ಎಂದಿಗೂ ಒಪ್ಪಬೇಡಿ.

ಕೊನೆಗೆ, ಬೆಲ್ಟು ಕಟ್ಟಿಕೊಳ್ಳಲು ಯಂತ್ರದ ಬಾಯಲ್ಲೇ ನಿಲ್ಲದೆ ಪಕ್ಕದ ಬೆಂಚಿಗೆ ಹೋಗಿ. ಹೋಗುವ ಮುನ್ನ ಟ್ರೇಯ ಮೂಲೆಗಳಲ್ಲಿ ಬೆರಳಾಡಿಸಿ ನೋಡಿ. ಉಂಗುರ ಉಳಿಯುವುದು ಅಲ್ಲೇ.