ಮಾಡಿಗೆ ಟಾರ್ಪಾಲು ಹೊದೆಸುವ ಮುಂಚೆ

ಮೃಗಶಿರ ಮಳೆ ನಕ್ಷತ್ರ ಹುಟ್ಟುವುದು ಜೂನ್ 7-8ರ ಸುಮಾರಿಗೆ. ಮಂಗ ಹಾರಿ ಒಡೆದ ಮಾಡಿನ, ಅಂದರೆ ಚಾವಣಿಯ, ಹಂಚನ್ನು ಅಷ್ಟರೊಳಗೆ ಬದಲಿಸಿಬಿಟ್ಟರೆ ಒಳ್ಳೆಯದು. ಆದರೆ ನಮ್ಮ ಮಲೆನಾಡಲ್ಲಿ ಆ ಹೊತ್ತಿಗೆ ಕೆಲಸದವರು ಸಿಗಬೇಕಲ್ವಾ? ಆಗ ಟಾರ್ಪಾಲೇ ಗತಿ.

ಅಂಗಡಿಯಲ್ಲಿ ಮೊದಲು ಜಿಎಸ್‌ಎಂ ಕೇಳಿ. ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ ಅದು. ಅಗ್ಗದ ತೆಳ್ಳನೆಯದು ಎರಡು ದಿನದ ಚಪ್ಪರಕ್ಕೆ ಸಾಕು. ಮಾಡಿಗಾದರೆ 200ಕ್ಕೆ ಕಡಿಮೆ ಬೇಡ. ಬಿಸಿಲು ತಡೆಯುವ ಯುವಿ ಗುಣ ಇಲ್ಲದ್ದು ಬೇಗ ಪುಡಿಪುಡಿಯಾಗುತ್ತದೆ.

ತೂತು ಇರುವಲ್ಲಿ ಮಾತ್ರ ಮುಚ್ಚಿದರೆ ಪ್ರಯೋಜನ ಇಲ್ಲ. ಮೇಲಿನಿಂದ ಇಳಿದ ನೀರು ಟಾರ್ಪಾಲಿನ ಅಡಿಗೇ ನುಗ್ಗುತ್ತದೆ. ಮಾಡಿನ ನೆತ್ತಿ ದಾಟಿಸಿ ಆಚೆ ಬದಿಗೆ ಎರಡಡಿ ಇಳಿಬಿಡಿ. ಕಲ್ಲು ಹೇರುವವರಿದ್ದಾರೆ. ಗಾಳಿಗೆ ಕಲ್ಲು ಜಾರಿ ಇನ್ನೆರಡು ಹಂಚು ಹೋಗುತ್ತದೆ ಅಷ್ಟೆ.

ಟಾರ್ಪಾಲು ಜಾಸ್ತಿ ಹರಿಯುವುದು ಗಾಳಿಗೆ ಪಟಪಟ ಬಡಿದುಕೊಂಡು. ಅಂಚಿನ ಕಣ್ಣಿಗೆ (ಹಗ್ಗ ಪೋಣಿಸುವ ತೂತಿಗೆ) ಮಾತ್ರ ಹಗ್ಗ ಕಟ್ಟಿದರೆ ಇಡೀ ಎಳೆತ ಅಲ್ಲೇ ಬಿದ್ದು ಕಿತ್ತು ಬರುತ್ತದೆ. ಅಂಚನ್ನು ಅಡಿಕೆ ದಬ್ಬೆಗೆ (ಅಡಿಕೆ ಮರದ ಸೀಳಿಗೆ) ಎರಡು ಸುತ್ತು ಸುತ್ತಿ, ದಬ್ಬೆ ಸಮೇತ ಪಕಾಸಿಗೆ (ಹಂಚಿನ ಅಡಿಯ ಮರಕ್ಕೆ) ಬಿಗಿಯಿರಿ. ಕಣ್ಣು ಕಿತ್ತಿದ್ದರೆ ಆ ಜಾಗದಲ್ಲಿ ಒಂದು ಗೋಟಡಿಕೆ (ಒಣಗಿದ ಇಡೀ ಅಡಿಕೆ) ಇಟ್ಟು, ಟಾರ್ಪಾಲನ್ನು ಅದರ ಸುತ್ತ ಮುದುರಿ, ಕುತ್ತಿಗೆಗೆ ಹಗ್ಗ ಬಿಗಿದರೆ ಆಯ್ತು. ಎಳೆದಷ್ಟೂ ಗಟ್ಟಿ. ಮೊಳೆ ಮಾತ್ರ ಹೊಡೆಯಬೇಡಿ.

ಅಂಗಳಕ್ಕೆ ಕಟ್ಟುವುದಾದರೆ ಇಳಿಜಾರು ಧಾರಾಳ ಇರಲಿ. ಒಂದು ಚದರ ಮೀಟರ್ ಜಾಗದಲ್ಲಿ 10 ಸೆಂಟಿಮೀಟರ್ ನೀರು ನಿಂತರೆ 100 ಕೆಜಿ ಭಾರ! ಕಂಬವೇ ವಾಲುತ್ತದೆ. ನಡುವೆ ಒಂದು ಬಿಗಿ ಹಗ್ಗ ಎಳೆದು ಅದರ ಮೇಲೆ ಹಾಸಿದರೆ ನೀರು ಎರಡೂ ಕಡೆ ಜಾರಿಹೋಗುತ್ತದೆ.

ಸೌದೆ ರಾಶಿಗೆ ಮೇಲ್ಗಡೆ ಮಾತ್ರ ಹೊದೆಸಿ, ಪಕ್ಕ ಬಿಡಿ. ಪೂರ್ತಿ ಸುತ್ತಿದರೆ ಒಳಗೇ ಬೆವರಿ ಬೂಸ್ಟು ಬರುತ್ತದೆ. ಬಚ್ಚಲೊಲೆಯ ಹೊಗೆ ಹೋಗುವ ಕಡೆ ಟಾರ್ಪಾಲು ಬೇಡವೇ ಬೇಡ. ಮತ್ತೆ, ಮಳೆ ಶುರುವಾದ ಮೇಲೆ ಮಾಡು ಹತ್ತುವ ಸಾಹಸ ಯಾಕೆ? ಪಾಚಿ ಕಟ್ಟಿದ ಹಂಚಲ್ಲಿ ಕಾಲು ನಿಲ್ಲುವುದಿಲ್ಲ. ಒಳಗೆ ಬಕೆಟ್ ಇಟ್ಟು, ಮಳೆ ಬಿಟ್ಟು ಹೊಳವಾಗುವ ತನಕ ಕಾಯಿರಿ.

ದೀಪಾವಳಿ ಹೊತ್ತಿಗೆ ಬಿಚ್ಚಿ, ಕೆಸರು ತೊಳೆದು, ನೆರಳಲ್ಲಿ ಒಣಗಿಸಿ. ಸುಮ್ನೆ ಅಟ್ಟಕ್ಕೆ ಎಸೆದರೆ ಇಲಿ ಮರಿ ಹಾಕುತ್ತದೆ. ಮಡಚಿ ತಂತಿಗೆ ನೇತುಹಾಕಿ.